ಎರಡನೇ ಸಲವೂ ಹೊಸದಾಗಿ ಕಾಣಬೇಕಾದರೆ: ಆರ್‌ಪಿಜಿ ಗೇಮ್‌ಗಳನ್ನು ಮತ್ತೆ ಆಡುವವರಿಗೆ ಮಾರ್ಗದರ್ಶಿ

ರೋಲ್-ಪ್ಲೇಯಿಂಗ್ ಗೇಮ್ (ಆರ್‌ಪಿಜಿ, ಅಂದರೆ ಒಂದು ಪಾತ್ರವನ್ನು ರೂಪಿಸಿಕೊಂಡು ಅದರ ಕಥೆಯನ್ನು ಆಡುವ ವಿಡಿಯೊ ಗೇಮ್) ಒಂದನ್ನು ಮುಗಿಸಿ, ಸ್ವಲ್ಪ ದಿನ ಬಿಟ್ಟು ಮತ್ತೆ 'ನ್ಯೂ ಗೇಮ್' ಒತ್ತಿದವರು ಐದಾರು ಗಂಟೆಯಲ್ಲೇ ಬೇಸತ್ತು ಬಿಟ್ಟುಬಿಡುವುದು ತೀರಾ ಸಾಮಾನ್ಯ. ಕ್ಯಾರೆಕ್ಟರ್‌ನ ಹೆಸರು, ಮುಖ, ಕೂದಲು ಎಲ್ಲ ಬದಲಾಗಿರುತ್ತದೆ. ಆಡುವ ಕೈ ಮಾತ್ರ ಹಳೆಯದೇ. ಹಿಂದೆ ತೆಗೆದ ಬೀಗಗಳನ್ನೇ ತೆಗೆದು, ಹಿಂದೆ ಆರಿಸಿದ ಮಾತುಗಳನ್ನೇ ಆರಿಸಿ, ಹಿಂದೆ ಸೇರಿದ ಬಣಕ್ಕೇ ಸೇರಿದರೆ ಗೇಮ್ ಆದರೂ ಹೊಸದೇನು ಕೊಟ್ಟೀತು?

ಮತ್ತೆ ಮತ್ತೆ ಆಡಲು ಯೋಗ್ಯವಾದ ಆರ್‌ಪಿಜಿಯ ಗುಣ ಒಂದೇ. ನೀವು ಯಾರು ಎಂಬುದನ್ನು ನೋಡಿ ಅದು ಕೆಲವು ಬಾಗಿಲುಗಳನ್ನು ನಿಮ್ಮ ಮುಖಕ್ಕೇ ಮುಚ್ಚುತ್ತದೆ. ಎರಡನೇ ಆಟದ ತಯಾರಿ ಎಂದರೆ ಯಾವ ಬಾಗಿಲು ಮುಚ್ಚಬೇಕು ಎಂದು ಮೊದಲೇ ತೀರ್ಮಾನಿಸುವುದು. ಇದಕ್ಕೆ ಅಬ್ಸಿಡಿಯನ್ ಎಂಟರ್‌ಟೇನ್‌ಮೆಂಟ್ 2010ರಲ್ಲಿ ತಯಾರಿಸಿದ 'ಫಾಲ್‌ಔಟ್: ನ್ಯೂ ವೇಗಸ್'ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ ಎನ್ನುವುದು ಇನ್ನೊಂದು ಅನುಕೂಲ. ಹಾಗಾಗಿ ಹೆಚ್ಚಿನ ವಿವರ ಅದರದ್ದೇ ಇದೆ, ನಡುನಡುವೆ ಬೇರೆ ಗೇಮ್‌ಗಳೂ ಬರುತ್ತವೆ. ಕಥೆಯ ಕೆಲವು ತಿರುವುಗಳನ್ನು ಹೇಳದೆ ಇಲ್ಲಿ ವಿವರಿಸಲಾಗದು. ಇವುಗಳನ್ನು ಇನ್ನೂ ಒಂದು ಸಲವೂ ಮುಗಿಸದವರು ಮುಗಿಸಿಕೊಂಡು ಓದಿದರೆ ಒಳ್ಳೆಯದು.

ಮೊದಲು ಗೇಮ್ ಅನ್ನು ಅಳೆಯಿರಿ

ಒಂದೇ ಕ್ಯಾರೆಕ್ಟರ್‌ನಲ್ಲಿ ಎಲ್ಲವನ್ನೂ ಮುಗಿಸಬಹುದೇ ಎಂದು ಕೇಳಿಕೊಳ್ಳಿ. 'ಸ್ಕೈರಿಮ್'ನಲ್ಲಿ (2011) ಒಬ್ಬನೇ ಮಾಂತ್ರಿಕರ ಕಾಲೇಜಿನ ಮುಖ್ಯಸ್ಥನೂ ಆಗಬಹುದು, ಕಳ್ಳರ ಸಂಘದ ನಾಯಕನೂ ಆಗಬಹುದು. ಅದೇ ಸರಣಿಯ 'ಮಾರೋವಿಂಡ್'ನಲ್ಲಿ (2002) ಹ್ಲಾಲು, ರೆಡೋರಾನ್, ಟೆಲ್ವಾನಿ ಎಂಬ ಮೂರು ಮನೆತನಗಳ ಪೈಕಿ ಒಂದಕ್ಕೆ ಮಾತ್ರ ಸೇರಲು ಸಾಧ್ಯ, ಮೇಲಿನ ಪದವಿಗೆ ಏರಬೇಕಾದರೆ ಆ ಮನೆತನ ಬಯಸುವ ಸ್ಕಿಲ್‌ಗಳೂ ಇರಬೇಕು. ಮಾರೋವಿಂಡ್ ತಾನಾಗಿಯೇ ಎರಡನೇ ಆಟಕ್ಕೆ ಕರೆಯುತ್ತದೆ. ಸ್ಕೈರಿಮ್‌ನಲ್ಲಿ ಆ ಕಟ್ಟುಪಾಡನ್ನು ನೀವೇ ಹಾಕಿಕೊಳ್ಳಬೇಕು: ಈ ಕ್ಯಾರೆಕ್ಟರ್ ಮಂತ್ರ ಮುಟ್ಟುವುದಿಲ್ಲ, ಈ ಸಂಘದ ಹೊಸ್ತಿಲು ತುಳಿಯುವುದಿಲ್ಲ ಎಂದು. ಹಾಕಿಕೊಂಡರೆ ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಭಾರ ಪೂರ್ತಿ ನಿಮ್ಮ ಮೇಲೆ.

ಆಯ್ಕೆಯ ಫಲ ಎಷ್ಟು ದೂರ ಹೋಗುತ್ತದೆ ಎಂಬುದನ್ನೂ ನೋಡಬೇಕು. 'ದಿ ವಿಚರ್ 2'ರಲ್ಲಿ (2011) ಮೊದಲ ಅಧ್ಯಾಯದ ಕೊನೆಗೆ ರೋಷ್ ಅಥವಾ ಯೊರ್ವೆತ್ ಇಬ್ಬರಲ್ಲಿ ಒಬ್ಬನ ಜೊತೆ ಹೋಗಬೇಕು. ಎರಡನೇ ಅಧ್ಯಾಯವನ್ನು ಒಂದು ದಾರಿಯಲ್ಲಿ ಸೈನ್ಯದ ಬಿಡಾರದಿಂದ ಆಡುತ್ತೀರಿ, ಇನ್ನೊಂದರಲ್ಲಿ ಅದೇ ಸೈನ್ಯ ಮುತ್ತಿಗೆ ಹಾಕಲಿರುವ ವರ್ಗೆನ್ ಪಟ್ಟಣದಿಂದ. ಇಲ್ಲಿ ಪೂರ್ತಿ ಗೇಮ್ ಮತ್ತೆ ಆಡುವ ಅಗತ್ಯವೇ ಇಲ್ಲ. ಫ್ಲಾಟ್ಸಮ್ ಊರು ಬಿಡುವ ಮುನ್ನ, ಆ ನಿರ್ಧಾರ ಬರುವುದಕ್ಕಿಂತ ಸ್ವಲ್ಪ ಮೊದಲು, ಬೇರೆಯದೇ ಸ್ಲಾಟ್‌ನಲ್ಲಿ ಒಂದು ಸೇವ್ ಇಟ್ಟುಕೊಂಡರೆ ಸಾಕು.

ಕೆಲವು ಗೇಮ್‌ಗಳಲ್ಲಿ 'ಎರಡನೇ ಸಲ' ಎಂಬುದು ಕಥೆಯ ಮುಂದಿನ ಭಾಗವೇ ಆಗಿರುತ್ತದೆ. 'ನಿಯರ್: ಆಟೊಮಾಟಾ' (2017) ಮೊದಲ ಎಂಡಿಂಗ್ ತಲುಪಿದ ಮೇಲೆ ಅದೇ ಘಟನೆಗಳನ್ನು 9ಎಸ್ ಎಂಬ ಇನ್ನೊಂದು ಪಾತ್ರದ ಕಡೆಯಿಂದ ಆಡಿಸುತ್ತದೆ. ಅದನ್ನೂ ಮುಗಿಸಿದ ಮೇಲೆಯೇ ಕಥೆಯ ಉಳಿದ ಅರ್ಧ ಶುರುವಾಗುವುದು. ಮೊದಲ ಎಂಡಿಂಗ್ ನೋಡಿ 'ಮುಗಿಯಿತು' ಎಂದು ಅನ್‌ಇನ್‌ಸ್ಟಾಲ್ ಮಾಡಿದವರು ನಿಜವಾದ ಕಥೆಯನ್ನೇ ಕಳೆದುಕೊಂಡಂತೆ. 'ಕ್ರೋನೋ ಟ್ರಿಗರ್' (1995) ಇನ್ನೊಂದು ಬಗೆಯದು. 'ನ್ಯೂ ಗೇಮ್ ಪ್ಲಸ್' ಆರಿಸಿದರೆ ಲೆವೆಲ್ ಮತ್ತು ಆಯುಧಗಳು ಜೊತೆಗೇ ಬರುತ್ತವೆ. ಲಾವೋಸ್ ಎಂಬ ಮುಖ್ಯ ಶತ್ರುವನ್ನು ಕಥೆಯ ಯಾವ ಹಂತದಲ್ಲಿ ಸೋಲಿಸುತ್ತೀರಿ ಎಂಬುದರ ಮೇಲೆ ಹತ್ತಕ್ಕೂ ಹೆಚ್ಚು ಎಂಡಿಂಗ್‌ಗಳಲ್ಲಿ ಒಂದು ಸಿಗುತ್ತದೆ. ಇಂಥವಕ್ಕೆ ಹೊಸ ಬಿಲ್ಡ್‌ನ (ಕ್ಯಾರೆಕ್ಟರ್‌ಗೆ ಆರಿಸುವ ಗುಣ, ಸ್ಕಿಲ್‌ಗಳ ಜೋಡಣೆಯ) ಚಿಂತೆ ಬೇಡ, ಗೇಮ್ ಹೇಳಿದ ಹಾಗೆ ನಡೆಯಿರಿ.

ಹೊಸ ಕ್ಯಾರೆಕ್ಟರ್: ಬಲಕ್ಕಿಂತ ಮೊದಲು ದೌರ್ಬಲ್ಯ

ನ್ಯೂ ವೇಗಸ್‌ನಲ್ಲಿ ಏಳು ಮೂಲಗುಣಗಳಿವೆ: ಸ್ಟ್ರೆಂತ್, ಪರ್ಸೆಪ್ಶನ್, ಎಂಡ್ಯೂರೆನ್ಸ್, ಕರಿಸ್ಮಾ, ಇಂಟೆಲಿಜೆನ್ಸ್, ಅಜಿಲಿಟಿ, ಲಕ್. ಇವುಗಳಿಗೆ ಒಟ್ಟು 40 ಪಾಯಿಂಟ್ ಹಂಚಬೇಕು. ಅದಲ್ಲದೆ 13 ಸ್ಕಿಲ್‌ಗಳು. ಅವುಗಳಲ್ಲಿ ಮೂರನ್ನು 'ಟ್ಯಾಗ್' ಮಾಡಿದರೆ ತಲಾ 15 ಹೆಚ್ಚು ಸಿಗುತ್ತದೆ.

ಶುರುವಿನ ಸ್ಕಿಲ್ ಲೆಕ್ಕ ಹೀಗೆ: ಆ ಸ್ಕಿಲ್‌ಗೆ ಸಂಬಂಧಪಟ್ಟ ಮೂಲಗುಣದ ಎರಡರಷ್ಟು, ಜೊತೆಗೆ ಲಕ್‌ನ ಅರ್ಧ, ಅದರ ಮೇಲೆ 2. ಲಕ್‌ನ ಅರ್ಧದಲ್ಲಿ ಭಿನ್ನಾಂಶ ಬಂದರೆ ಮೇಲಿನ ಪೂರ್ಣಾಂಕ ಹಿಡಿಯಬೇಕು. ಮೂಲಗುಣ 5, ಲಕ್ 5 ಇದ್ದರೆ 10 + 3 + 2, ಅಂದರೆ 15. ಟ್ಯಾಗ್ ಮಾಡಿದ್ದರೆ 30. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಹೊಸ ಕ್ಯಾರೆಕ್ಟರ್ ಮಾಡುವಾಗ ಹೆಚ್ಚಿನವರು 'ಈ ಸಲ ಯಾವುದರಲ್ಲಿ ಜೋರಾಗಿರಬೇಕು' ಎಂದು ಯೋಚಿಸುತ್ತಾರೆ. ಅದಕ್ಕಿಂತ ಮೊದಲು, ಹಿಂದಿನ ಆಟದಲ್ಲಿ ಯಾವ ಮೂರು ಸ್ಕಿಲ್ ನಿಮ್ಮನ್ನು ಅತಿ ಹೆಚ್ಚು ಸಲ ಪಾರುಮಾಡಿದವು ಎಂದು ಬರೆದುಕೊಳ್ಳಿ. ಬಹುಪಾಲು ಮಂದಿಗೆ ಅವು ಸ್ಪೀಚ್, ಲಾಕ್‌ಪಿಕ್, ಸೈನ್ಸ್. ಆ ಮೂರನ್ನೂ ಈ ಸಲ ಟ್ಯಾಗ್ ಮಾಡಬೇಡಿ, ಲೆವೆಲ್ ಏರಿದಾಗಲೂ ಪಾಯಿಂಟ್ ಹಾಕಬೇಡಿ. ಬದಲಿಗೆ ಬಾರ್ಟರ್, ಎಕ್ಸ್‌ಪ್ಲೋಸಿವ್ಸ್, ಮೆಡಿಸಿನ್, ಸರ್ವೈವಲ್, ಅನ್‌ಆರ್ಮ್ಡ್ ಇವುಗಳಲ್ಲಿ ಮೂರನ್ನು ಹಿಡಿಯಿರಿ. ಸಂಭಾಷಣೆಗಳಲ್ಲಿ ಇವಕ್ಕೂ ಸಾಕಷ್ಟು ಜಾಗವಿದೆ. ಎಲ್ಲದಕ್ಕೂ ಸ್ಪೀಚ್ ಬಳಸಿ ದಾಟಿಹೋದವರ ಕಣ್ಣಿಗೆ ಅವು ಬಿದ್ದಿರುವುದೇ ಇಲ್ಲ.

ಇಂಟೆಲಿಜೆನ್ಸ್ ವಿಷಯ ಬೇರೆಯಾಗಿಯೇ ಹೇಳಬೇಕು. ಪ್ರತಿ ಲೆವೆಲ್‌ಗೆ ಸಿಗುವ ಸ್ಕಿಲ್ ಪಾಯಿಂಟ್ 10, ಅದಕ್ಕೆ ಇಂಟೆಲಿಜೆನ್ಸ್‌ನ ಅರ್ಧ ಸೇರುತ್ತದೆ. 10 ಇದ್ದವನಿಗೆ ಲೆವೆಲ್‌ಗೆ 15. 1 ಇದ್ದವನಿಗೆ ಹತ್ತೂವರೆ. ಲೆವೆಲ್ 30 ಮುಟ್ಟುವ ಹೊತ್ತಿಗೆ ಇಬ್ಬರ ನಡುವೆ ಸುಮಾರು 130 ಪಾಯಿಂಟ್ ಅಂತರ ಬೀಳುತ್ತದೆ. ಜಾಣ ಕ್ಯಾರೆಕ್ಟರ್ ಕೊನೆಗೆ ಎಲ್ಲದರಲ್ಲೂ ಜಾಣನೇ ಆಗುತ್ತಾನೆ, ಎಲ್ಲ ಜಾಣರೂ ಒಂದೇ ಥರ ಆಗುತ್ತಾರೆ. ಎರಡನೇ ಆಟಕ್ಕೆ 4 ಅಥವಾ 5 ಸಾಕು. ಮೂರನೆಯ ಸಲ ಆಡುವುದಿದ್ದರೆ 3 ಅಥವಾ ಅದಕ್ಕಿಂತ ಕಡಿಮೆ ಇಟ್ಟು ನೋಡಿ. ಮಂದಬುದ್ಧಿಯವನಿಗೆಂದೇ ಬರೆದ ಮಾತುಗಳು ಹಲವು ಕಡೆ ಸಿಗುತ್ತವೆ, ಅವನ್ನು ತುಂಬ ಅಕ್ಕರೆಯಿಂದ ಬರೆದಿದ್ದಾರೆ.

ನಾಲ್ಕೂ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಬಂದ ಹೆಚ್ಚುವರಿ ಕಥಾಭಾಗ) ಹಾಕಿಕೊಂಡವರಿಗೆ ಒಂದು ಎಚ್ಚರಿಕೆ. ಮೂಲ ಗೇಮ್‌ನ ಲೆವೆಲ್ ಮಿತಿ 30. ಪ್ರತಿ ಡಿಎಲ್‌ಸಿ ಅದಕ್ಕೆ 5 ಸೇರಿಸುತ್ತ 50ಕ್ಕೆ ಒಯ್ಯುತ್ತದೆ. ಅಷ್ಟು ಎತ್ತರದಲ್ಲಿ, ಸ್ಕಿಲ್ ಪುಸ್ತಕಗಳನ್ನೂ ಓದಿಕೊಂಡರೆ, ಹೆಚ್ಚುಕಡಿಮೆ ಎಲ್ಲ ಸ್ಕಿಲ್‌ಗಳೂ ನೂರರ ಹತ್ತಿರ ಹೋಗುತ್ತವೆ. ಬಿಲ್ಡ್ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. 'ಓಲ್ಡ್ ವರ್ಲ್ಡ್ ಬ್ಲೂಸ್' ಎಂಬ ಡಿಎಲ್‌ಸಿ ಇದ್ದರೆ ಶುರುವಿನಲ್ಲಿ ಟ್ರೇಟ್ (ಲಾಭದ ಜೊತೆಗೆ ನಷ್ಟವೂ ಇರುವ ಸ್ವಭಾವ) ಆರಿಸುವಾಗ 'ಲೋಗನ್ಸ್ ಲೂಪ್‌ಹೋಲ್' ಸಿಗುತ್ತದೆ. ಅದನ್ನು ತೆಗೆದುಕೊಂಡರೆ ಡಿಎಲ್‌ಸಿಗಳನ್ನು ಆಡುತ್ತಲೇ ಲೆವೆಲ್ 30ಕ್ಕೆ ನಿಲ್ಲಬಹುದು. ಮರು-ಆಟಕ್ಕೆ ಇದಕ್ಕಿಂತ ಪ್ರಯೋಜನದ ಟ್ರೇಟ್ ಇಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಪ್ರತಿ ಲೆವೆಲ್‌ಗೆ ಹೆಚ್ಚುವರಿ ಸ್ಕಿಲ್ ಪಾಯಿಂಟ್ ಕೊಡುವ 'ಎಜುಕೇಟೆಡ್' ಪರ್ಕ್ ಕಡೆಗಂತೂ ತಲೆ ಹಾಕಲೇಬೇಡಿ.

ಮೊದಲ ಊರಿನಲ್ಲೇ ವ್ಯತ್ಯಾಸ ಕಾಣಬೇಕು

ನ್ಯೂ ವೇಗಸ್ ಶುರುವಾಗುವ ಗುಡ್‌ಸ್ಪ್ರಿಂಗ್ಸ್ ಊರನ್ನು 'ಟ್ಯುಟೋರಿಯಲ್' ಎಂದು ಓಡಿ ದಾಟುವವರೇ ಹೆಚ್ಚು. ಅಲ್ಲೇ ಸ್ವಲ್ಪ ನಿಂತು ನೋಡಿ. ಪೌಡರ್ ಗ್ಯಾಂಗ್ ಎಂಬ ದರೋಡೆಕೋರರ ಗುಂಪಿನ ಜೋ ಕಾಬ್, ಊರಿನಲ್ಲಿ ಅಡಗಿರುವ ರಿಂಗೋ ಎಂಬ ವ್ಯಾಪಾರಿಯನ್ನು ಹುಡುಕುತ್ತಿರುತ್ತಾನೆ. ರಿಂಗೋ ಪರ ನಿಂತರೆ ಊರಿನವರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಬೇಕು. ಟ್ರೂಡಿಗೆ ಸ್ಪೀಚ್, ಅಂಗಡಿಯ ಚೆಟ್‌ಗೆ ಬಾರ್ಟರ್, ಡೈನಮೈಟ್ ಇಟ್ಟುಕೊಂಡಿರುವ ಈಸಿ ಪೀಟ್‌ಗೆ ಎಕ್ಸ್‌ಪ್ಲೋಸಿವ್ಸ್, ಡಾಕ್ಟರ್ ಮಿಚೆಲ್‌ಗೆ ಮೆಡಿಸಿನ್. ಪ್ರತಿಯೊಂದಕ್ಕೂ 25 ಬೇಕು.

ಮೇಲಿನ ಲೆಕ್ಕ ಈಗ ಕೆಲಸಕ್ಕೆ ಬರುತ್ತದೆ. ಟ್ಯಾಗ್ ಮಾಡದ ಸ್ಕಿಲ್ 15, ಮಾಡಿದ್ದು 30. ಅಂದರೆ ಆಟ ಶುರುವಾದ ಮೊದಲ ಗಂಟೆಯಲ್ಲಿ, ನೀವು ಟ್ಯಾಗ್ ಮಾಡಿದ ಸ್ಕಿಲ್‌ಗಳೇ ಯಾರು ನಿಮ್ಮ ಜೊತೆ ನಿಲ್ಲುತ್ತಾರೆ ಎಂಬುದನ್ನು ತೀರ್ಮಾನಿಸಿರುತ್ತವೆ. ಎಕ್ಸ್‌ಪ್ಲೋಸಿವ್ಸ್ ಇದ್ದವನ ಕಾಳಗ ಡೈನಮೈಟ್‌ನಿಂದ ನಡೆಯುತ್ತದೆ. ಬಾರ್ಟರ್ ಇದ್ದವನ ಬೆನ್ನಿಗೆ ಚೆಟ್‌ನ ಅಂಗಡಿಯ ಸರಕು ಇರುತ್ತದೆ. ಫಾಲ್‌ಔಟ್ 3ರ ಸ್ಪೀಚ್‌ನಂತೆ ಇಲ್ಲಿ ಅದೃಷ್ಟದ ಲೆಕ್ಕವಿಲ್ಲ. ಸ್ಕಿಲ್ ಸಾಲದಿದ್ದರೆ ಆ ಮಾತಿನ ಪಕ್ಕದಲ್ಲಿ 15/25 ಎಂದು ಕಾಣುತ್ತದೆ, ಮಾತು ಕೂಡ ತೊದಲಿದ ಹಾಗೆ ಬದಲಾಗಿರುತ್ತದೆ. ಅದನ್ನೂ ಆರಿಸಿ ಹೇಳಿ ನೋಡಿ. ಸೋತ ಮಾತಿಗೆ ಬರುವ ಉತ್ತರಗಳು ಮೊದಲ ಆಟದಲ್ಲಿ ನೀವು ಕೇಳಿರುವುದಿಲ್ಲ.

ಜೋ ಕಾಬ್ ಪರ ನಿಂತು ಊರನ್ನೇ ವಶಮಾಡಿಕೊಳ್ಳುವ ದಾರಿಯೂ ಇದೆ. ಆದರೆ ಕೆಟ್ಟವನಾಗಿ ಆಡಬೇಕೆಂಬ ಒಂದೇ ಹಟಕ್ಕೆ ಅದನ್ನು ಹಿಡಿಯಬೇಡಿ. ಚೆಟ್‌ನಂಥ ವ್ಯಾಪಾರಿ, ಊರಿನ ಆಸರೆ ಎರಡೂ ಹೋಗುತ್ತವೆ. ಬದಲಿಗೆ ಸಿಗುವುದು ಕಡಿಮೆ. ಪೌಡರ್ ಗ್ಯಾಂಗ್ ಜೊತೆ ಮುಂದೆಯೂ ಸಾಗುವ ಯೋಚನೆ ಇದ್ದರೆ ಮಾತ್ರ ಸರಿ.

ಊರ ಗಡಿ ದಾಟುವಾಗ ಹೆಸರು, ಮುಖ, ಮೂಲಗುಣ, ಟ್ಯಾಗ್, ಟ್ರೇಟ್ ಎಲ್ಲವನ್ನೂ ಕೊನೆಯ ಸಲ ಬದಲಾಯಿಸುತ್ತೀರಾ ಎಂದು ಗೇಮ್ ಕೇಳುತ್ತದೆ. ಆ ಗಡಿಗೆ ಸ್ವಲ್ಪ ಮೊದಲು, ಪೂರ್ತಿ ಸೇವ್ ಒಂದನ್ನು ಬೇರೆ ಇಟ್ಟುಕೊಳ್ಳಿ. ಮುಂದಿನ ಎಲ್ಲ ಮರು-ಆಟಗಳಿಗೂ ಅದೇ ಆರಂಭ. ಡಾಕ್ಟರ್ ಮನೆಯ ಪ್ರಶ್ನೋತ್ತರವನ್ನು ಪ್ರತಿ ಸಲ ಮಾಡುವ ತಾಪತ್ರಯ ತಪ್ಪುತ್ತದೆ.

ನಿಮಗೆ ನೀವೇ ಹಾಕಿಕೊಳ್ಳುವ ನಿಯಮಗಳು

ಹೆಚ್ಚು ಬೇಡ, ಎರಡು ಮೂರು ಸಾಕು. ನಿಯಮ ಹತ್ತಾದರೆ ಯಾವುದೂ ಉಳಿಯುವುದಿಲ್ಲ.

ಮೊದಲನೆಯದು: ಸತ್ತರೆ ಮಾತ್ರ ಲೋಡ್. ಮಾತು ಸೋತರೆ, ಕ್ವೆಸ್ಟ್ (ಗೇಮ್ ಒಪ್ಪಿಸುವ ಕೆಲಸ) ಕೆಟ್ಟರೆ, ಬೇಕಾದವರು ಸತ್ತರೆ ಹಾಗೇ ಮುಂದುವರಿಯಿರಿ. ಮರು-ಆಟದ ಹೊಸತನದ ದೊಡ್ಡ ಪಾಲು ಕೆಟ್ಟುಹೋದ ಕ್ವೆಸ್ಟ್‌ಗಳಲ್ಲಿದೆ. ಲೋಡ್ ಮಾಡುತ್ತ ಹೋದರೆ ತಿಳಿಯದೆಯೇ ಮೊದಲ ಆಟದ ಹಾದಿಗೇ ಮರಳುತ್ತೀರಿ.

ಎರಡನೆಯದು: ನ್ಯೂ ವೇಗಸ್‌ನ ಹಾರ್ಡ್‌ಕೋರ್ ಮೋಡ್. ಊಟ, ನೀರು, ನಿದ್ದೆ ಬೇಕಾಗುತ್ತದೆ. ಸ್ಟಿಂಪ್ಯಾಕ್ ಎಂಬ ಔಷಧಿ ಒಮ್ಮೆಗೇ ವಾಸಿಮಾಡದೆ ನಿಧಾನವಾಗಿ ಕೆಲಸ ಮಾಡುತ್ತದೆ, ಗುಂಡುಗಳಿಗೂ ತೂಕ ಬರುತ್ತದೆ, ಸಂಗಾತಿ ಸತ್ತರೆ ಸತ್ತ ಹಾಗೇ. ಇದರಲ್ಲಿ ಎಡವುವುದು ಗುಂಡಿನ ತೂಕದಲ್ಲಿ. ಎಂಟು ಬಗೆಯ ಬಂದೂಕು, ಅವುಗಳ ಗುಂಡು ಎಲ್ಲ ಹೊತ್ತು ನಡೆಯಲಾಗದೆ ನಿಲ್ಲುತ್ತಾರೆ. ಎರಡೇ ಬಗೆಯ ಗುಂಡಿಗೆ ಒಗ್ಗಿಕೊಳ್ಳಿ, ಉಳಿದದ್ದು ಮಾರಿಬಿಡಿ. ಮುರಿದ ಕೈಕಾಲಿಗೆ ಸ್ಟಿಂಪ್ಯಾಕ್ ಆಗುವುದಿಲ್ಲ, ಡಾಕ್ಟರ್ಸ್ ಬ್ಯಾಗ್ ಬೇಕು; ಕನಿಷ್ಠ ಎರಡು ಇಟ್ಟುಕೊಂಡೇ ಊರು ಬಿಡಿ. ಸರ್ವೈವಲ್ ಸ್ಕಿಲ್‌ಗೆ ಬೆಲೆ ಬರುವುದೂ ಈ ಮೋಡ್‌ನಲ್ಲೇ.

ಸ್ಕಿಲ್ ಮ್ಯಾಗಜೀನ್‌ಗಳ ಬಗ್ಗೆ ಎಚ್ಚರವಿರಲಿ. ಓದಿದ ಒಂದು ಮ್ಯಾಗಜೀನ್ 60 ಸೆಕೆಂಡ್ ಕಾಲ ಸ್ಕಿಲ್‌ಗೆ 10 ಸೇರಿಸುತ್ತದೆ. ಬ್ಯಾಗಿನ ತುಂಬ ಇಟ್ಟುಕೊಂಡವನಿಗೆ ನಿಜವಾದ ದೌರ್ಬಲ್ಯವೇ ಇರುವುದಿಲ್ಲ. ನೀವು ಬೇಕೆಂದೇ ಬಿಟ್ಟ ಮೂರು ಸ್ಕಿಲ್‌ಗಳ ಮ್ಯಾಗಜೀನ್‌ಗಳನ್ನು ಮುಟ್ಟಬೇಡಿ.

ದಾರಿ ಬದಲಿಸಿ

ಗೇಮ್ ನಿಮ್ಮನ್ನು ದಕ್ಷಿಣಕ್ಕೆ ತಳ್ಳುತ್ತದೆ: ಪ್ರಿಮ್, ಮೊಹಾವಿ ಔಟ್‌ಪೋಸ್ಟ್, ನಿಪ್ಟನ್, ನೋವ್ಯಾಕ್, ಬೌಲ್ಡರ್ ಸಿಟಿ, ಆಮೇಲೆ ವೇಗಸ್. ನೇರ ಉತ್ತರಕ್ಕೆ ಹೋದರೆ ಕಾಜಡೋರ್ ಕಣಜಗಳು, ಕ್ವಾರಿ ಜಂಕ್ಷನ್ ಬಳಿ ಡೆತ್‌ಕ್ಲಾ ಎಂಬ ದೈತ್ಯ ಮೃಗಗಳು. ಎರಡನೇ ಸಲ ಉತ್ತರದ ದಾರಿ ಹಿಡಿಯಬಹುದು. ಸ್ನೀಕ್ ಟ್ಯಾಗ್ ಮಾಡಿ, ಸ್ಟೆಲ್ತ್ ಬಾಯ್ (ಸ್ವಲ್ಪ ಹೊತ್ತು ಮರೆಯಾಗಿಸುವ ಸಾಧನ) ಸಿಕ್ಕಿದ್ದರೆ ಉಳಿಸಿಕೊಂಡು, ಗುಡ್ಡದ ಮಗ್ಗುಲಿಗೆ ಅಂಟಿಕೊಂಡೇ ನಡೆಯಿರಿ. ಬಯಲಿಗೆ ಇಳಿದರೆ ಕಾಜಡೋರ್ ಮುತ್ತುತ್ತವೆ. ಅವುಗಳ ವಿಷ ಲೆವೆಲ್ 2ರವನನ್ನು ಕೆಲವೇ ಕ್ಷಣಗಳಲ್ಲಿ ಮುಗಿಸುತ್ತದೆ, ಓಡಿ ತಪ್ಪಿಸಿಕೊಳ್ಳಲು ಸಮಯವೂ ಸಿಗುವುದಿಲ್ಲ.

ಹೀಗೆ ಬೇಗ ತಲುಪಿದವನಿಗೆ ವೇಗಸ್‌ನ ಕ್ಯಾಸಿನೊ ಬೀದಿಯಾದ ಸ್ಟ್ರಿಪ್‌ನ ಬಾಗಿಲು ನಿಜವಾದ ಸಮಸ್ಯೆಯಾಗುತ್ತದೆ. ಒಳಗೆ ಹೋಗಲು 2000 ಕ್ಯಾಪ್ಸ್ (ಆಟದೊಳಗಿನ ಹಣ) ತೋರಿಸಬೇಕು. ಇಲ್ಲವೇ ಬಾಗಿಲ ಹೊರಗಿನ ಫ್ರೀಸೈಡ್‌ನ ಮಿಕ್ ಅಂಡ್ ರಾಲ್ಫ್ಸ್ ಅಂಗಡಿಯಲ್ಲಿ 500 ಕ್ಯಾಪ್ಸ್ ಕೊಟ್ಟು ನಕಲಿ ಪಾಸ್‌ಪೋರ್ಟ್ ಮಾಡಿಸಬೇಕು. ಸೈನ್ಸ್ 80 ಇದ್ದರೆ ಕಾವಲಿನ ರೋಬೋಟನ್ನೇ ಏಮಾರಿಸಬಹುದು. ಎನ್‌ಸಿಆರ್ (ನ್ಯೂ ಕ್ಯಾಲಿಫೋರ್ನಿಯಾ ರಿಪಬ್ಲಿಕ್) ಸೈನ್ಯದಲ್ಲಿ ಒಳ್ಳೆಯ ಹೆಸರು ಇದ್ದರೆ ಕ್ಯಾಂಪ್ ಮೆಕ್ಯಾರನ್‌ನಿಂದ ಮೊನೊರೈಲ್ ಹತ್ತಿ ಒಳಗೇ ಇಳಿಯಬಹುದು. ದಕ್ಷಿಣದಿಂದ ಸುತ್ತಿ ಬಂದವನ ಜೇಬು ಅಷ್ಟರಲ್ಲಿ ತುಂಬಿರುವುದರಿಂದ ಈ ನಾಲ್ಕು ದಾರಿಗಳ ಗೊಡವೆಯೇ ಅವನಿಗೆ ಇರುವುದಿಲ್ಲ. ಖಾಲಿ ಕೈಯಲ್ಲಿ ಬಂದವನು ಫ್ರೀಸೈಡ್‌ನಲ್ಲಿ ಕೂಲಿ ಮಾಡಿಯೇ ಒಳಗೆ ಹೋಗಬೇಕು. ಆ ಬಡವರ ಬೀದಿಯ ಜನ, ಅವರ ಜಗಳ, ಅಲ್ಲಿನ ಸಣ್ಣ ಸಣ್ಣ ಕೆಲಸಗಳು ಕಥೆಯ ನಡುಮಧ್ಯಕ್ಕೆ ಬರುತ್ತವೆ.

ಬಣಗಳು, ಕವಲು ಸೇವ್

ಕಥೆಗೆ ನಾಲ್ಕು ಮುಕ್ತಾಯದ ದಾರಿಗಳಿವೆ: ಎನ್‌ಸಿಆರ್, ಅದರ ವೈರಿಯಾದ ಸೀಸರ್‌ನ ಲೀಜನ್ ಸೈನ್ಯ, ವೇಗಸ್‌ನ ಒಡೆಯ ಮಿಸ್ಟರ್ ಹೌಸ್, ಯೆಸ್ ಮ್ಯಾನ್ ಎಂಬ ರೋಬೋಟ್ ಜೊತೆಗಿನ ಸ್ವತಂತ್ರ ದಾರಿ. ನಾಲ್ಕನ್ನೂ ನೋಡಲು ನಾಲ್ಕು ಸಲ ಮೊದಲಿಂದ ಆಡಬೇಕಿಲ್ಲ. ಶುರುವಿನಲ್ಲಿ ನಿಮಗೆ ಗುಂಡಿಟ್ಟು ಪ್ಲಾಟಿನಂ ಚಿಪ್ ಕದ್ದ ಬೆನ್ನಿಯ ವಿಚಾರ ಇತ್ಯರ್ಥವಾಗಿ ಆ ಚಿಪ್‌ನ ಲೆಕ್ಕ ಸ್ಪಷ್ಟವಾದ ಹಂತದಲ್ಲಿ ಒಂದು ಸೇವ್ ಇಟ್ಟುಕೊಳ್ಳಿ. ಆ ಹೊತ್ತಿಗೆ ಲೀಜನ್ ಕೂಡ, ಎನ್‌ಸಿಆರ್ ಕೂಡ ನಿಮ್ಮ ಹಳೆಯ ತಪ್ಪುಗಳನ್ನು ಮನ್ನಿಸಿ ಮಾತುಕತೆಗೆ ಕರೆಯುತ್ತವೆ. ಕವಲು ಒಡೆಯಲು ಇದೇ ಸರಿಯಾದ ಜಾಗ. ಆ ಮನ್ನಣೆ ಸಿಕ್ಕ ಮೇಲೆ ಮತ್ತೆ ಕೈ ಮಾಡಿದರೆ ಬಾಗಿಲು ಮುಚ್ಚುತ್ತದೆ. ಒಂದು ಬಣದ ಕೆಲಸದಲ್ಲಿ ಮುಂದೆ ಹೋದಾಗ ಇನ್ನೊಂದರ ಜೊತೆ ಸಂಬಂಧ ಕಡಿಯಲಿದೆ ಎಂದು ಗೇಮ್ ಎಚ್ಚರಿಸುತ್ತದೆ, ಅದನ್ನು ಓದದೆ ಮುಚ್ಚಬೇಡಿ. ಯೆಸ್ ಮ್ಯಾನ್ ದಾರಿ ಮಾತ್ರ ಎಂದೂ ಮುಚ್ಚುವುದಿಲ್ಲ. ಅವನನ್ನು ಹೊಡೆದು ಹಾಕಿದರೂ ಇನ್ನೊಂದು ರೋಬೋಟಿನಲ್ಲಿ ಮರಳಿ ಬರುತ್ತಾನೆ.

ಲೀಜನ್ ದಾರಿಗೆ ಕ್ವೆಸ್ಟ್‌ಗಳು ಕಡಿಮೆ, ವ್ಯಾಪಾರಿಗಳೂ ಕಡಿಮೆ. ಲೀಜನ್ ಅನ್ನು ದ್ವೇಷಿಸುವ ಬೂನ್‌ನಂಥ ಸಂಗಾತಿ ಆ ದಾರಿಯಲ್ಲಿ ಜೊತೆಗೆ ನಿಲ್ಲುವುದಿಲ್ಲ. ಹಾಗಾಗಿ ಅದನ್ನು ಪೂರ್ತಿ ಮರು-ಆಟವಾಗಿ ಯೋಜಿಸುವ ಬದಲು ಈ ಕವಲು ಸೇವ್‌ನಿಂದ ಆಡಿದರೆ ಹೊಟ್ಟೆ ತುಂಬುತ್ತದೆ. ಪೂರ್ತಿ ಮರು-ಆಟಕ್ಕೆ ಸ್ವತಂತ್ರ ದಾರಿಯೇ ಲೇಸು, ಏಕೆಂದರೆ ಪ್ರತಿ ಸಣ್ಣ ಬಣದ ಗತಿಯನ್ನೂ ನೀವೇ ತೀರ್ಮಾನಿಸಬೇಕಾಗುತ್ತದೆ.

ಬಾಲ್ಡರ್ಸ್ ಗೇಟ್ 3 ಆಡುವವರಿಗೆ

ಲಾರಿಯನ್‌ನ ಈ ಗೇಮ್‌ನಲ್ಲಿ (2023) 12 ಕ್ಲಾಸ್‌ಗಳಿವೆ. ಆದರೆ ಕ್ಲಾಸ್ ಬದಲಿಸಿದ ಮಾತ್ರಕ್ಕೆ ಎರಡನೇ ಆಟ ಹೊಸದಾಗುವುದಿಲ್ಲ. ನಿಮ್ಮ ಬಿಡಾರಕ್ಕೆ ಬಂದು ಸೇರುವ ವಿದರ್ಸ್ 100 ಚಿನ್ನದ ನಾಣ್ಯ ತೆಗೆದುಕೊಂಡು ಕ್ಲಾಸನ್ನು ಆಟದ ಮಧ್ಯದಲ್ಲೇ ಬದಲಿಸಿಕೊಡುತ್ತಾನೆ, ಅದನ್ನು ಮೊದಲ ಆಟದಲ್ಲೇ ನೋಡಿ ಮುಗಿಸಬಹುದು. ಬದಲಿಸಬೇಕಾದದ್ದು ಜನಾಂಗ ಮತ್ತು ಹಿನ್ನೆಲೆ. ಡ್ರೌ (ನೆಲದಡಿಯ ಎಲ್ಫ್ ಜನಾಂಗ) ಆಗಿ ಹೋದರೆ ಗಾಬ್ಲಿನ್‌ಗಳ ಜೊತೆಗಿನ ಮಾತೇ ಬೇರೆ. ಕೊಲ್ಲುವ ಒತ್ತಡ ಒಳಗೇ ಇರುವ 'ಡಾರ್ಕ್ ಅರ್ಜ್' ಆಗಿ ಶುರುಮಾಡಿದರೆ ಮುಖ್ಯ ಕಥೆಗೇ ಇನ್ನೊಂದು ಬೇರು ಸೇರಿಕೊಳ್ಳುತ್ತದೆ. ಎರಡನೇ ಆಟಕ್ಕೆ ನಮ್ಮ ಮೊದಲ ಸಲಹೆ ಅದೇ. ಆ ಕ್ಯಾರೆಕ್ಟರನ್ನು ಒಳ್ಳೆಯವನಾಗಿ, ಒಳಗಿನ ಒತ್ತಡಕ್ಕೆ ಮಣಿಯದವನಾಗಿ ಆಡುವುದು ಹೆಚ್ಚು ಕಷ್ಟ, ಹೆಚ್ಚು ಚೆಂದ.

ಗಾಬ್ಲಿನ್‌ಗಳ ಪರ ನಿಂತು ಗ್ರೋವ್ (ಟೀಫ್ಲಿಂಗ್ ನಿರಾಶ್ರಿತರು ಆಸರೆ ಪಡೆದ ನೆಲೆ) ನಾಶಮಾಡುವ ದಾರಿ ಹಿಡಿಯುವವರು ಲೆಕ್ಕ ತಿಳಿದೇ ಹಿಡಿಯಲಿ. ಸಂಗಾತಿಗಳಾದ ವಿಲ್, ಕಾರ್ಲಾಕ್ ಬಿಟ್ಟುಹೋಗುತ್ತಾರೆ, ಟೀಫ್ಲಿಂಗ್‌ಗಳಿಗೆ ಸಂಬಂಧಿಸಿದ ಮುಂದಿನ ಕ್ವೆಸ್ಟ್‌ಗಳೆಲ್ಲ ಹೋಗುತ್ತವೆ, ಲಾಭವೆಂದರೆ ಗಾಬ್ಲಿನ್‌ಗಳ ಕಡೆಯ ಮಿಂಥಾರಾ ಸಂಗಾತಿಯಾಗುವುದು. ಈಗ ಅವಳನ್ನು ಕೊಲ್ಲದೆ ಮೂರ್ಛೆ ಬೀಳಿಸಿ, ಗ್ರೋವ್ ಉಳಿಸಿಯೂ ಮುಂದೆ ಜೊತೆಗೆ ಸೇರಿಸಿಕೊಳ್ಳಬಹುದು.

ಇಲ್ಲಿ ದಾಳ ಇರುವುದರಿಂದ ಲೋಡ್ ಮಾಡುವ ಚಪಲ ಹೆಚ್ಚು. ಅದಕ್ಕೆ ಪರಿಹಾರವನ್ನು ಗೇಮ್ ತಾನೇ ಕೊಟ್ಟಿದೆ. ಇನ್‌ಸ್ಪಿರೇಶನ್ ಪಾಯಿಂಟ್ ನಾಲ್ಕರವರೆಗೆ ಕೂಡಿಡಬಹುದು; ದಾಳ ಕೆಟ್ಟರೆ ಒಂದು ಖರ್ಚುಮಾಡಿ ಮತ್ತೆ ಎಸೆಯಿರಿ, ಪಾಯಿಂಟ್ ಮುಗಿದರೆ ಬಂದದ್ದನ್ನು ಒಪ್ಪಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ 'ಕಾರ್ಮಿಕ್ ಡೈಸ್' ಆಫ್ ಮಾಡಿ. ಅದು ಆನ್ ಇದ್ದರೆ ಸೋಲಿನ ಸರಣಿಯನ್ನು ಗೇಮ್ ತಾನಾಗಿ ತಡೆಯುತ್ತದೆ. ಪ್ರಾಣಿಗಳ ಜೊತೆ ಮಾತನಾಡುವ ಮಂತ್ರ ಮೊದಲ ಆಟದಲ್ಲಿ ಬಳಸಿಲ್ಲದಿದ್ದರೆ ಈ ಸಲ ಪ್ರತಿ ದಿನವೂ ಹಾಕಿಕೊಳ್ಳಿ, ನಾಯಿ, ಎತ್ತು, ಅಳಿಲು ಎಲ್ಲಕ್ಕೂ ಹೇಳುವುದಿದೆ. ಒಂದೇ ಸೇವ್ ಇರುವ 'ಆನರ್ ಮೋಡ್' ಮಾತ್ರ ಎರಡನೇ ಸಲಕ್ಕೇ ಬೇಡ. ಕಾಳಗಗಳು ಬಾಯಿಪಾಠ ಆಗುವ ಮುನ್ನ ಅಲ್ಲಿಗೆ ಹೋದರೆ ತಂಡ ಪೂರ್ತಿ ಸತ್ತು, ಆ ಆಟದ ಆನರ್ ಮೋಡ್ ಅಲ್ಲಿಗೇ ಮುಗಿಯುತ್ತದೆ.

ಸೇವ್ ಫೈಲ್, ಕ್ರ್ಯಾಶ್

ನ್ಯೂ ವೇಗಸ್ 32-ಬಿಟ್ ಗೇಮ್. ಮೂಲ ಫೈಲ್ 2 ಜಿಬಿ ಮೆಮೊರಿ ಮಾತ್ರ ಬಳಸುತ್ತದೆ. ಪಿಸಿಯಲ್ಲಿ ತಾಸುಗಟ್ಟಲೆ ಆಡಿದ ಮೇಲೆ, ಅದರಲ್ಲೂ ಸ್ಟ್ರಿಪ್, ಫ್ರೀಸೈಡ್‌ನಲ್ಲಿ, ಕ್ರ್ಯಾಶ್ ಆಗಲು ಇದು ದೊಡ್ಡ ಕಾರಣ. ಅಭಿಮಾನಿಗಳು ಮಾಡಿರುವ 4 ಜಿಬಿ ಪ್ಯಾಚ್ ಹಾಕಿದರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಹೊಸ ಆಟ ಶುರುಮಾಡುವ ಮೊದಲೇ ಹಾಕಿ. ಬೇರೆ ಮಾಡ್‌ಗಳನ್ನು (ಗೇಮ್‌ಗೆ ಅಭಿಮಾನಿಗಳು ಮಾಡಿದ ಬದಲಾವಣೆಗಳು) ಸೇರಿಸುವುದೂ ಆಗಲೇ. ಆಟದ ಮಧ್ಯೆ ಮಾಡ್ ಹಾಕಿ ತೆಗೆದರೆ ಸೇವ್ ಕೆಡುತ್ತದೆ.

ಕ್ವಿಕ್‌ಸೇವ್ ಒಂದನ್ನೇ ನಂಬಬೇಡಿ, ಅದು ಹಿಂದಿನದನ್ನು ಅಳಿಸಿಯೇ ಬರೆಯುತ್ತದೆ. ದೊಡ್ಡ ಊರಿಗೆ ಕಾಲಿಡುವ ಮುನ್ನ ಮೆನುವಿನಿಂದ ಹೊಸ ಸೇವ್ ಮಾಡಿ. ಹೂವರ್ ಡ್ಯಾಮ್ ಕಾಳಗದ ನಂತರ ಆಟ ಮುಗಿಯುತ್ತದೆ, ಆಮೇಲೆ ತಿರುಗಾಡಲು ಬಿಡುವುದಿಲ್ಲ. ಕಾಳಗಕ್ಕೆ ಮೊದಲು ಗೇಮ್ ಹಾಗೆಂದು ಎಚ್ಚರಿಸುತ್ತದೆ. ಆ ಎಚ್ಚರಿಕೆ ಬಂದಾಗಿನ ಸೇವ್, ಚಿಪ್ ಹಂತದ ಕವಲು ಸೇವ್, ಗುಡ್‌ಸ್ಪ್ರಿಂಗ್ಸ್ ಗಡಿಯ ಸೇವ್, ಈ ಮೂರನ್ನೂ ಸೇವ್ ಫೋಲ್ಡರ್‌ನಿಂದ ಕಾಪಿ ಮಾಡಿ ಬೇರೆ ಡ್ರೈವ್‌ನಲ್ಲಿ ಹಾಕಿಡಿ. ಫೋಲ್ಡರ್‌ಗೆ ಕ್ಯಾರೆಕ್ಟರ್‌ನ ಹೆಸರು, ಟ್ಯಾಗ್ ಮಾಡಿದ ಮೂರು ಸ್ಕಿಲ್, ಬಿಟ್ಟ ಮೂರು ಸ್ಕಿಲ್ ಬರೆದಿಟ್ಟರೆ ಮುಂದಿನ ವರ್ಷ ತೆರೆದಾಗಲೂ ಯಾವ ಆಟ ಯಾವುದು ಎಂದು ತಡಕಾಡಬೇಕಿಲ್ಲ.